‘ಕೆಲಸಕ್ಕೆ ಅರ್ಹ’ ಎಂಬ ಮಾತನ್ನು ಅಳೆಯುವುದು ಹೇಗೆ?

ಕಾರ್ಖಾನೆಯಲ್ಲಿಯೋ ಗೋದಾಮಿನಲ್ಲಿಯೋ ದುಡಿಯುವಾಗ ಪೆಟ್ಟು ತಿಂದು, ಕೆಲವು ವಾರ ಚಿಕಿತ್ಸೆ ಪಡೆದ ಕೆಲಸಗಾರನ ಕೈಗೆ ಕೊನೆಗೊಂದು ದಿನ ವೈದ್ಯರ ಚೀಟಿ ಬರುತ್ತದೆ. ಅದರಲ್ಲಿರುವುದು ಬಹಳ ಸಲ ಒಂದೇ ವಾಕ್ಯ: ‘ಈತನು ಇಂಥ ದಿನಾಂಕದಿಂದ ಕೆಲಸಕ್ಕೆ ಅರ್ಹನಾಗಿದ್ದಾನೆ.’ ಕಾರ್ಮಿಕರು ಇದನ್ನು ಫಿಟ್‌ನೆಸ್ ಸರ್ಟಿಫಿಕೇಟು ಎಂದು ಕರೆಯುತ್ತಾರೆ. ಚೀಟಿ ಚಿಕ್ಕದಾದರೂ ಪರಿಣಾಮ ಚಿಕ್ಕದಲ್ಲ. ಅಂದಿನಿಂದ ಗಾಯದ ಕಾಲದ ಭತ್ಯೆ ನಿಲ್ಲುತ್ತದೆ. ಕೆಲಸಕ್ಕೆ ಹೋಗದಿದ್ದರೆ ಗೈರುಹಾಜರಿ ಎಂದು ಲೆಕ್ಕವಾಗುತ್ತದೆ. ಹೋದರೆ, ಮೈ ಇನ್ನೂ ಸರಿಹೋಗಿಲ್ಲದ ಪಕ್ಷದಲ್ಲಿ, ಹಳೆಯ ಗಾಯ ಮರುಕಳಿಸುವ ಭಯವಿರುತ್ತದೆ. ‘ನನ್ನಿಂದ ಆಗುವುದಿಲ್ಲ ಸ್ವಾಮಿ’ ಎಂದು ಕೆಲಸಗಾರನು ಹೇಳಿದರೆ, ‘ಆಗುತ್ತದೆಂದು ಡಾಕ್ಟರೇ ಬರೆದಿದ್ದಾರಲ್ಲ’ ಎಂದು ಯಜಮಾನನು ಉತ್ತರ ಕೊಡುತ್ತಾನೆ. ಒಂದು ಸಂಸಾರದ ಅನ್ನವು ಈ ಎರಡು ಮಾತುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಇದು ವೈದ್ಯರೂ ವಕೀಲರೂ ನೋಡಿಕೊಳ್ಳಬೇಕಾದ ವಿಷಯ, ಇಲ್ಲಿ ಭೌತವಿಜ್ಞಾನಕ್ಕೆ ಏನು ಕೆಲಸ ಎಂದು ವಾಚಕರು ಕೇಳಬಹುದು. ‘ಅರ್ಹ’ ಎಂಬ ಪದವು ಗುಣವಾಚಕದಂತೆ ಕಂಡರೂ ಅದರ ಬೆನ್ನಿಗೆ ಒಂದು ಅಳತೆ ಅಡಗಿದೆ. ಆ ಅಳತೆಯನ್ನು ಬಿಡಿಸಿ ನೋಡಿದರೆ, ವೈದ್ಯರ ಅಭಿಪ್ರಾಯವನ್ನು ಯಾವಾಗ ಒಪ್ಪಬೇಕು, ಯಾವಾಗ ಪ್ರಶ್ನಿಸಬಹುದು, ಪ್ರಶ್ನಿಸುವುದಾದರೆ ಹೇಗೆ ಎಂಬುದು ತಿಳಿಯಾಗುತ್ತದೆ. ಇದನ್ನೇ ನಾವು ಇಲ್ಲಿ ವಿಚಾರಮಾಡುವೆವು.

ಒಂದು ಮಾತು, ಎರಡು ಪರಿಮಾಣಗಳು

ಒಬ್ಬ ಎಂಜಿನಿಯರು ಹಳೆಯ ಸೇತುವೆಯೊಂದನ್ನು ಪರೀಕ್ಷಿಸಿ ‘ಇದು ವಾಹನಗಳ ಸಂಚಾರಕ್ಕೆ ಅರ್ಹವಾಗಿದೆ’ ಎಂದಷ್ಟೇ ಬರೆದನೆನ್ನೋಣ. ನಾವು ಕೂಡಲೇ ಕೇಳುವ ಪ್ರಶ್ನೆ, ‘ಯಾವ ವಾಹನ?’ ಎಂಬುದು. ಸೈಕಲ್ಲು ದಾಟಬಲ್ಲ ಸೇತುವೆಯ ಮೇಲೆ ಕಬ್ಬಿನ ಲಾರಿ ದಾಟಲಾರದು. ಸೇತುವೆಯ ಬಲವೊಂದೇ ತಿಳಿದರೆ ಸಾಲದು, ಅದರ ಮೇಲೆ ಬೀಳುವ ಭಾರವೂ ತಿಳಿಯಬೇಕು. ಎರಡನ್ನೂ ಹೋಲಿಸಿದ ಮೇಲೆಯೇ ‘ಅರ್ಹ’ ಎಂಬ ಪದಕ್ಕೆ ಅರ್ಥ ಬರುತ್ತದೆ.

ಮನುಷ್ಯನ ವಿಷಯದಲ್ಲೂ ಹೀಗೆಯೇ. ಕೆಲಸಕ್ಕೆ ಮರಳುವ ಪ್ರಶ್ನೆಯಲ್ಲಿ ಎರಡು ಪರಿಮಾಣಗಳಿವೆ. ಮೊದಲನೆಯದು ಗಾಯದ ತರುವಾಯ ದೇಹದಲ್ಲಿ ಉಳಿದಿರುವ ಸಾಮರ್ಥ್ಯ. ಎರಡನೆಯದು ಆ ಕೆಲಸವು ದೇಹದಿಂದ ಬೇಡುವ ಶ್ರಮ. ವೈದ್ಯರು ತಮ್ಮ ಕೊಠಡಿಯಲ್ಲಿ ಅಳೆಯುವುದು ಮೊದಲನೆಯದನ್ನು. ಎರಡನೆಯದು ಇರುವುದು ಕಾರ್ಖಾನೆಯಲ್ಲಿ. ಅದನ್ನು ವೈದ್ಯರು ಬಹುಶಃ ಕಂಡಿರುವುದಿಲ್ಲ. ಹೀಗಾಗಿ ಕೆಲಸದ ಬಗೆಗೆ ಏನನ್ನೋ ಊಹಿಸಿಕೊಂಡು ಅವರು ಚೀಟಿ ಬರೆಯುತ್ತಾರೆ. ವೈದ್ಯಜ್ಞಾನ ಸರಿಯಾಗಿದ್ದರೂ ಊಹೆ ತಪ್ಪಾಗಿದ್ದರೆ ಚೀಟಿಯೂ ತಪ್ಪಾಗುವುದು. ಇಂಥ ಅಭಿಪ್ರಾಯಗಳಲ್ಲಿ ಮೊದಲು ಹುಡುಕಬೇಕಾದ ದೋಷ ಇದೇ.

ಇದು ಹೊಸದಾಗಿ ಹೊಳೆದ ಸಂಗತಿಯಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜೀನಿ 1700ರಲ್ಲಿ ಕಸುಬುಗಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಿಯನ್ನು ಕೇಳಬೇಕೆಂದು ಪ್ರಾಚೀನ ಗ್ರೀಸಿನ ಹಿಪೊಕ್ರಟೀಸನ ಕಾಲದಿಂದ ವೈದ್ಯರು ಕಲಿತು ಬಂದ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಅದರಲ್ಲಿ ಒತ್ತಾಯಪಡಿಸಿದನು: ನಿನ್ನ ಕಸುಬು ಯಾವುದು? ಮುನ್ನೂರು ವರ್ಷಗಳ ಮೇಲಾದರೂ ಈ ಪ್ರಶ್ನೆಯ ಬೆಲೆ ಕಡಮೆಯಾಗಿಲ್ಲ.

ಚಿತ್ರವು ಹೇಳುವುದೇನು, ಹೇಳದಿರುವುದೇನು

ವಾದವು ಸಾಮಾನ್ಯವಾಗಿ ಕ್ಷ-ಕಿರಣದ ಚಿತ್ರದಿಂದ ಪ್ರಾರಂಭವಾಗುತ್ತದೆ. ‘ಚಿತ್ರದಲ್ಲಿ ಏನೂ ಇಲ್ಲ, ಆದ್ದರಿಂದ ನೋವು ಇರಲಾರದು’ ಎನ್ನುವುದು ಒಂದು ಪಕ್ಷ. ‘ಸ್ಕ್ಯಾನಿನಲ್ಲಿ ಬೆನ್ನಿನ ಬಿಲ್ಲೆ ಉಬ್ಬಿದೆ, ಆದ್ದರಿಂದ ಕೆಲಸ ಅಸಾಧ್ಯ’ ಎನ್ನುವುದು ಇನ್ನೊಂದು ಪಕ್ಷ. ಎರಡೂ ಅವಸರದ ತೀರ್ಮಾನಗಳು.

ಕ್ಷ-ಕಿರಣಗಳು ಎಲುಬನ್ನು ಚೆನ್ನಾಗಿ ತೋರಿಸುತ್ತವೆ. ಮುರಿದ ಮೂಳೆ ಕೂಡಿಕೊಂಡಿದೆಯೇ ಎಂಬುದನ್ನು ಅವುಗಳಿಂದ ತಿಳಿಯಬಹುದು. ಆದರೆ ತಿಂಗಳುಗಟ್ಟಲೆ ಪಟ್ಟಿಯೊಳಗಿದ್ದು ಸೊರಗಿದ ಸ್ನಾಯುವಿನ ಬಲವನ್ನಾಗಲಿ, ಬಿಗಿದುಕೊಂಡ ಕೀಲಿನ ನೋವನ್ನಾಗಲಿ ಅವು ಅಳೆಯಲಾರವು. ಇನ್ನು ಕಾಂತೀಯ ಅನುರಣನ ಚಿತ್ರಣ, ಎಂದರೆ ಎಂ.ಆರ್.ಐ., ಮೃದುವಾದ ಭಾಗಗಳನ್ನೂ ತೋರಿಸುತ್ತದೆ. ಹಾಗಿದ್ದರೂ 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಫಲಿತಾಂಶ ಗಮನಾರ್ಹವಾದುದು. ಬೆನ್ನುನೋವನ್ನೇ ಅನುಭವಿಸದ 67 ಜನರ ಬೆನ್ನನ್ನು ಈ ವಿಧಾನದಿಂದ ನೋಡಿದಾಗ, 60 ವರ್ಷಕ್ಕೆ ಕಡಮೆ ವಯಸ್ಸಿನವರಲ್ಲೂ ಐವರಿಗೊಬ್ಬರಂತೆ ಬಿಲ್ಲೆ ಹೊರಚಾಚಿದ್ದುದು ಕಂಡುಬಂದಿತು. 1994ರಲ್ಲಿ 98 ಮಂದಿ ನೋವಿಲ್ಲದವರನ್ನು ಪರೀಕ್ಷಿಸಿದಾಗ, ಶೇಕಡ 52 ಮಂದಿಯಲ್ಲಿ ಒಂದಾದರೂ ಬಿಲ್ಲೆ ಉಬ್ಬಿದ್ದಿತು.

ಚಿತ್ರದಲ್ಲಿ ದೋಷವಿದ್ದೂ ನೋವಿಲ್ಲದಿರಬಹುದು, ನೋವಿದ್ದೂ ಚಿತ್ರದಲ್ಲಿ ದೋಷ ಕಾಣದಿರಬಹುದು ಎಂದಾಯಿತು. ಇದರಿಂದ ಚಿತ್ರವು ನಿರುಪಯೋಗಿ ಎಂದು ತಿಳಿಯಬಾರದು. ಅದು ದೇಹದ ರಚನೆಯನ್ನು ಹೇಳುತ್ತದೆ, ಸಾಮರ್ಥ್ಯವನ್ನು ಹೇಳುವುದಿಲ್ಲ. ಸಾಮರ್ಥ್ಯವನ್ನು ತಿಳಿಯಬೇಕಾದರೆ ದೇಹದಿಂದ ಕೆಲಸ ಮಾಡಿಸಿಯೇ ನೋಡಬೇಕು.

ಹತ್ತು ಕಿಲೋಗ್ರಾಂ ಎಂದರೆ ಎಷ್ಟು?

ಈಗ ಎರಡನೆಯ ಪರಿಮಾಣಕ್ಕೆ ಬರೋಣ. ಸೊಂಟಕ್ಕೆ ಪೆಟ್ಟಾದ ಒಬ್ಬ ಹಮಾಲಿಯನ್ನು ಕಲ್ಪಿಸಿಕೊಳ್ಳೋಣ. ವೈದ್ಯರು ಅವನ ಚೀಟಿಯಲ್ಲಿ ‘ಲೈಟ್ ಡ್ಯೂಟಿಗೆ ಅರ್ಹ, 10 ಕಿಲೋಗ್ರಾಮಿಗಿಂತ ಹೆಚ್ಚು ಎತ್ತಬಾರದು’ ಎಂದು ಬರೆದಿದ್ದಾರೆ. ಅಂಕಿಯಿರುವುದರಿಂದ ಇದು ಖಚಿತವಾದ ಮಾತೆಂದು ತೋರುತ್ತದೆ. ಆದರೆ ಸನ್ನೆಕೋಲಿನ ನಿಯಮವನ್ನು ಓದಿದ ಯಾವ ವಿದ್ಯಾರ್ಥಿಗಾದರೂ ಇದು ಅರ್ಧ ಮಾತೆಂದು ಗೊತ್ತಾಗಬೇಕು.

ನಾವು ಬಾಗಿ ಭಾರವನ್ನು ಎತ್ತುವಾಗ ಬೆನ್ನುಮೂಳೆಯ ಕೆಳಭಾಗವು ಸನ್ನೆಯ ಆಧಾರಬಿಂದುವಿನಂತೆ ವರ್ತಿಸುತ್ತದೆ. ಮುಂದುಗಡೆ ಮುಂಡದ ತೂಕ ಮತ್ತು ಕೈಯಲ್ಲಿರುವ ಭಾರ. ಹಿಂದುಗಡೆ ಬೆನ್ನಿನ ಸ್ನಾಯುಗಳ ಸೆಳೆತ. ಸ್ನಾಯುಗಳು ಆಧಾರಬಿಂದುವಿನಿಂದ ಹೆಚ್ಚುಕಡಮೆ 5 ಸೆಂಟಿಮೀಟರು ದೂರದಲ್ಲಿ ಮಾತ್ರ ಇವೆ. ಭಾರವಾದರೋ ಬಹಳ ಮುಂದೆ ಇರುತ್ತದೆ. ಆದ್ದರಿಂದ ಸಣ್ಣ ಭಾರವನ್ನು ಸರಿದೂಗಿಸಲು ಸ್ನಾಯುಗಳು ಭಾರಿ ಬಲವನ್ನು ಹಾಕಬೇಕಾಗುತ್ತದೆ.

ಸ್ಥೂಲವಾಗಿ ಲೆಕ್ಕ ಹಾಕೋಣ. ಸೊಂಟದ ಮೇಲಿನ ದೇಹದ ತೂಕ 35 ಕಿಲೋಗ್ರಾಂ, ಬಾಗಿದಾಗ ಅದರ ಗುರುತ್ವಕೇಂದ್ರ 20 ಸೆಂಟಿಮೀಟರು ಮುಂದೆ ಇದೆ ಎಂದಿಟ್ಟುಕೊಳ್ಳೋಣ. ಕೈ ಬರಿದಾಗಿದ್ದರೂ 35 × 20 = 700 ಆಗುತ್ತದೆ; ಇದನ್ನು 5ರಿಂದ ಭಾಗಿಸಿದರೆ ಸ್ನಾಯುಗಳ ಸೆಳೆತ 140 ಕಿಲೋಗ್ರಾಂ-ತೂಕ. ಈಗ 10 ಕಿಲೋಗ್ರಾಂ ಭಾರವನ್ನು 30 ಸೆಂಟಿಮೀಟರು ಮುಂದೆ ಹಿಡಿದರೆ 300 ಕೂಡುತ್ತದೆ. ಸೆಳೆತ 200ಕ್ಕೆ ಏರುತ್ತದೆ. ಅದೇ 10 ಕಿಲೋಗ್ರಾಂ ಪೆಟ್ಟಿಗೆಯು ಅಗಲವಾಗಿದ್ದು, ಇಲ್ಲವೆ ಮೇಜಿನ ಆಚೆ ಬದಿಯಲ್ಲಿದ್ದು, 60 ಸೆಂಟಿಮೀಟರು ಕೈ ಚಾಚಬೇಕಾದರೆ ಸೆಳೆತ 260 ಆಗುತ್ತದೆ. ಈ ಸೆಳೆತವಿಷ್ಟೂ ಕಶೇರುಗಳನ್ನು ಒಂದರ ಮೇಲೊಂದು ಅದುಮುತ್ತದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುವುವು. ತೂಕ ಒಂದೇ ಆದರೂ ಅದರ ದೂರ ಬದಲಾದರೆ ಬೆನ್ನಿನ ಮೇಲಿನ ಹೊರೆ ಬದಲಾಗುವುದು. ಇದಕ್ಕಿಂತ ಮುಖ್ಯವಾಗಿ, ಬರಿಗೈಯಲ್ಲಿ ಬಾಗುವುದೇ 140 ಕಿಲೋಗ್ರಾಂ-ತೂಕದ ಕೆಲಸ! ಏನನ್ನೂ ಎತ್ತದೆ ದಿನವೆಲ್ಲ ಬಗ್ಗಿ ನೆಲ ಗುಡಿಸುವುದನ್ನು ‘ಲೈಟ್ ಡ್ಯೂಟಿ’ ಎಂದು ಕೊಟ್ಟರೆ, ಚೀಟಿಯ ಅಕ್ಷರಕ್ಕೆ ಭಂಗ ಬರುವುದಿಲ್ಲ. ಗಾಯಗೊಂಡ ಬೆನ್ನಿಗೆ ಮಾತ್ರ ವಿಶ್ರಾಂತಿ ಇಲ್ಲ.

ಈ ಲೆಕ್ಕವು ಬರಿಯ ಕಾಗದದ ಲೆಕ್ಕವಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ ಎಂಬ ವೈದ್ಯರು ಜೀವಂತ ಮನುಷ್ಯರ ಬೆನ್ನಿನ ಬಿಲ್ಲೆಯೊಳಕ್ಕೆ ಸೂಜಿಯನ್ನು ಹೊಗಿಸಿ ಒತ್ತಡವನ್ನು ನೇರವಾಗಿ ಅಳೆದರು. 1999ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ, ಒಬ್ಬ ಸ್ವಯಂಸೇವಕನು ಆರಾಮವಾಗಿ ನಿಂತಾಗ ಈ ಒತ್ತಡ 0.5 ಮೆಗಾಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ ಸುಮಾರು ಐದರಷ್ಟು ಇದ್ದಿತು. ಬೆನ್ನನ್ನು ಬಗ್ಗಿಸಿ 20 ಕಿಲೋಗ್ರಾಂ ಎತ್ತಿದಾಗ ಅದು 2.3 ಮೆಗಾಪಾಸ್ಕಲಿಗೆ ಏರಿತು. ಮೊಣಕಾಲು ಮಡಿಸಿ ಅದೇ ಭಾರವನ್ನು ಎತ್ತಿದಾಗ 1.7 ಮಾತ್ರ. ಮನುಷ್ಯ ಅವನೇ, ಭಾರವೂ ಅದೇ. ರೀತಿ ಬೇರೆಯಾದ್ದರಿಂದ ಹೊರೆ ಬೇರೆಯಾಯಿತು.

23 ಕಿಲೋಗ್ರಾಂ 3.7 ಕಿಲೋಗ್ರಾಂ ಆಗುವ ಬಗೆ

ಕೆಲಸದ ಬೇಡಿಕೆಯನ್ನು ಅಂಕಿಗಳಲ್ಲಿ ಹೇಳಲು ಒಂದು ಸೂತ್ರವಿದೆ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯವರು ಇದನ್ನು 1981ರಲ್ಲಿ ರೂಪಿಸಿ 1991ರಲ್ಲಿ ಪರಿಷ್ಕರಿಸಿದರು. ಎಲ್ಲ ಪರಿಸ್ಥಿತಿಗಳೂ ಅನುಕೂಲವಾಗಿದ್ದರೆ ಆರೋಗ್ಯವಂತ ಕೆಲಸಗಾರನು ಎತ್ತಬಹುದಾದ ಭಾರ 23 ಕಿಲೋಗ್ರಾಂ ಎಂದು ಇವರು ಇಟ್ಟುಕೊಂಡರು. ಪರಿಸ್ಥಿತಿ ಪ್ರತಿಕೂಲವಾದ ಹಾಗೆಲ್ಲ ಈ ಸಂಖ್ಯೆಯನ್ನು ಒಂದೊಂದು ಭಿನ್ನಾಂಕದಿಂದ ಗುಣಿಸಿ ತಗ್ಗಿಸುತ್ತ ಹೋಗುತ್ತಾರೆ.

ಒಂದು ಉದಾಹರಣೆಯನ್ನು ನೋಡೋಣ. ಪೆಟ್ಟಿಗೆಯನ್ನು ಮೈಯಿಂದ 50 ಸೆಂಟಿಮೀಟರು ಮುಂದೆ, ನೆಲದಿಂದ 15 ಸೆಂಟಿಮೀಟರು ಎತ್ತರದಲ್ಲಿ ಹಿಡಿದು, 90 ಸೆಂಟಿಮೀಟರು ಎತ್ತರದ ಕಟ್ಟೆಯ ಮೇಲಿಡಬೇಕು. ಮುಂದಿನ ದೂರಕ್ಕೆ 25ನ್ನು 50ರಿಂದ ಭಾಗಿಸಿದ ಭಿನ್ನಾಂಕ, ಎಂದರೆ 0.5. ಕೈ ತಗ್ಗಿನಲ್ಲಿರುವುದಕ್ಕೆ 0.82. ಎತ್ತುವ 75 ಸೆಂಟಿಮೀಟರು ಅಂತರಕ್ಕೆ 0.88. ಇವನ್ನೆಲ್ಲ 23ಕ್ಕೆ ಗುಣಿಸಿದರೆ 8.3 ಕಿಲೋಗ್ರಾಂ ಬರುತ್ತದೆ. ಈ ಕೆಲಸವನ್ನು ನಿಮಿಷಕ್ಕೆ ನಾಲ್ಕು ಸಲದಂತೆ ಎಂಟು ಗಂಟೆ ಮಾಡಬೇಕಾದರೆ ಮತ್ತೆ 0.45ರಿಂದ ಗುಣಿಸಬೇಕು. ಕೊನೆಗೆ ಉಳಿಯುವುದು 3.7 ಕಿಲೋಗ್ರಾಂ!

ಇದು ಆರೋಗ್ಯವಂತನಿಗೆ ಹೇಳಿದ ಮಿತಿ ಎಂಬುದನ್ನು ಮರೆಯಬಾರದು. ನಮ್ಮ ಹಮಾಲಿಯ ಚೀಟಿಯಲ್ಲಿದ್ದ ‘10 ಕಿಲೋಗ್ರಾಂ’ ಈ ಕೆಲಸದಲ್ಲಿ ಗಾಯವಿಲ್ಲದವನಿಗೂ ಹೆಚ್ಚು. ಸೊಂಟದ ಎತ್ತರದ ಮೇಜಿನ ಮೇಲೆ, ಮೈಗೆ ಹತ್ತಿರವಾಗಿ, ಗಂಟೆಗೆ ಒಂದೆರಡು ಸಲ ಎತ್ತುವ ಕೆಲಸದಲ್ಲಾದರೆ ಅದೇ 10 ಕಿಲೋಗ್ರಾಂ ಅಷ್ಟೇನೂ ಕಷ್ಟವಲ್ಲ. ಚೀಟಿಯ ಅಂಕಿ ಸರಿಯೇ ತಪ್ಪೇ ಎಂಬುದು ಚೀಟಿಯಿಂದ ತಿಳಿಯುವುದಿಲ್ಲ, ಕೆಲಸದಿಂದ ತಿಳಿಯುತ್ತದೆ.

ಅರ್ಧ ಬಲವು ಅರ್ಧ ಕೆಲಸವಲ್ಲ

ಇನ್ನೊಂದು ಬಗೆಯ ಮಾತನ್ನೂ ಕೇಳುತ್ತೇವೆ: ‘ಕೈಯ ಬಲ ಅರ್ಧದಷ್ಟು ಮರಳಿದೆ, ಅರ್ಧ ಕೆಲಸವನ್ನಾದರೂ ಮಾಡಬಹುದು.’ ಇದು ತ್ರೈರಾಶಿಯ ತರ್ಕ. ಸ್ನಾಯುಗಳು ಈ ತರ್ಕವನ್ನು ಪಾಲಿಸುವುದಿಲ್ಲ.

ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ ತೋರಿಸಿದಂತೆ, ಸ್ನಾಯುವೊಂದು ತನ್ನ ಪೂರ್ಣ ಬಲದ ಎಷ್ಟನೆಯ ಭಾಗವನ್ನು ಬಳಸುತ್ತಿದೆ ಎಂಬುದರ ಮೇಲೆ ಅದರ ತಾಳಿಕೆಯ ಕಾಲವು ನಿಂತಿದೆ. ಪೂರ್ಣ ಬಲದ ಅರ್ಧವನ್ನು ಬಿಡುವಿಲ್ಲದೆ ಹಾಕಿ ಹಿಡಿದರೆ ಸುಮಾರು ಒಂದು ನಿಮಿಷದಲ್ಲಿ ಸ್ನಾಯು ಸೋಲುತ್ತದೆ. ಕಾಲು ಭಾಗವನ್ನು ಮಾತ್ರ ಹಾಕಿದರೆ ಕೆಲವು ನಿಮಿಷ ತಾಳುತ್ತದೆ. 40 ಕಿಲೋಗ್ರಾಂ-ತೂಕದ ಹಿಡಿತವಿದ್ದವನಿಗೆ ಗಾಯದ ತರುವಾಯ 20 ಮಾತ್ರ ಉಳಿಯಿತೆನ್ನೋಣ. ಅವನ ಯಂತ್ರದ ಹಿಡಿಯನ್ನು ಅದುಮಲು 10 ಬೇಕು. ಮೊದಲು ಅದು ಅವನ ಬಲದ ಕಾಲುಭಾಗವಾಗಿದ್ದಿತು, ಈಗ ಅರ್ಧ. ಪರೀಕ್ಷೆಯ ಕೊಠಡಿಯಲ್ಲಿ ಹಿಡಿತದ ಮಾಪಕವನ್ನು ಮೂರು ಸಲ ಅದುಮಿದಾಗ ‘10ಕ್ಕಿಂತ ಹೆಚ್ಚು ಇದೆ, ಸಾಕು’ ಎಂದು ಕಾಣುತ್ತದೆ. ಯಂತ್ರದ ಮುಂದೆ ನಿಂತಾಗ ಹಿಡಿಯು ಒಂದೆರಡು ನಿಮಿಷದಲ್ಲಿ ಕೈ ಜಾರುತ್ತದೆ. ಕೈ ಜಾರಿದರೆ ಎರಡನೆಯ ಅಪಘಾತಕ್ಕೆ ದಾರಿಯಾಗುತ್ತದೆ. ಒಂದು ಕ್ಷಣದ ಪರೀಕ್ಷೆಯಿಂದ ಎಂಟು ಗಂಟೆಯ ದುಡಿಮೆಯನ್ನು ನಿರ್ಣಯಿಸುವುದರಲ್ಲಿರುವ ಅಪಾಯ ಇದು.

ವೈದ್ಯರಲ್ಲಿ ಒಮ್ಮತವಿಲ್ಲದಿರುವುದೂ ಅಸಹಜವಲ್ಲ. ಒಂದೇ ರೋಗಿಯ ದುಡಿಯುವ ಶಕ್ತಿಯನ್ನು ಬೇರೆ ಬೇರೆ ತಜ್ಞರು ಅಳೆದ 23 ಅಧ್ಯಯನಗಳನ್ನು 2017ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು ಪರಿಶೀಲಿಸಿ, ಅವರ ತೀರ್ಮಾನಗಳು ಬಹಳವಾಗಿ ಭಿನ್ನವಾಗುತ್ತವೆಂದು ತಿಳಿಸಿತು. ಪ್ರಯೋಗಶಾಲೆಯಲ್ಲಿ ಎರಡು ಅಳತೆಗಳು ಹೊಂದದಿದ್ದರೆ ನಾವು ಅಳೆದವರನ್ನು ಬೈಯುವುದಿಲ್ಲ. ಏನನ್ನು, ಯಾವ ಪರಿಸ್ಥಿತಿಯಲ್ಲಿ ಅಳೆದರೆಂದು ನೋಡಿ, ಮತ್ತೊಮ್ಮೆ ಅಳೆಯುತ್ತೇವೆ. ಎರಡನೆಯ ವೈದ್ಯರ ಅಭಿಪ್ರಾಯವನ್ನು ಕೇಳುವುದೂ ಇಂಥ ಮರುಅಳತೆಯೇ ಹೊರತು ಮೊದಲನೆಯವರಿಗೆ ಮಾಡಿದ ಅವಮಾನವಲ್ಲ.

ನ್ಯಾಯಾಲಯವು ಕಂಡ ದಾರಿ

ಭೌತವಿಜ್ಞಾನದಿಂದ ನಾವು ತಲಪಿದ ನಿರ್ಣಯಕ್ಕೇ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಬೇರೊಂದು ದಾರಿಯಿಂದ ಬಂದಿದೆ. ಭಾರತದಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯು ಗಾಯಗಳ ಒಂದು ಪಟ್ಟಿಯನ್ನು ಕೊಟ್ಟು, ಪ್ರತಿಯೊಂದು ಗಾಯದಿಂದಲೂ ಸಂಪಾದನೆಯ ಶಕ್ತಿ ಶೇಕಡ ಎಷ್ಟು ಕುಗ್ಗುವುದೆಂದು ಗೊತ್ತುಮಾಡಿದ್ದಿತು. ಹೆಬ್ಬೆರಳು ಹೋದರೆ 30, ಮೊಣಕೈಯ ಆಸುಪಾಸಿನಲ್ಲಿ ತೋಳನ್ನು ಕತ್ತರಿಸಿದರೆ 70, ಹೀಗೆ.

1968ರ ಜುಲೈ 6ರಂದು ಒರಿಸ್ಸಾದ ಜೈಪುರ ಎಂಬ ಊರಿನಲ್ಲಿ, ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಒಬ್ಬ ಬಡಗಿಯು ಕೆಳಕ್ಕೆ ಬಿದ್ದನು. ಅವನ ಎಡದೋಳನ್ನು ಕತ್ತರಿಸಬೇಕಾಯಿತು. ಇದು ಭಾಗಶಃ ಅಸಾಮರ್ಥ್ಯ ಮಾತ್ರ, ಪಟ್ಟಿಯ ಪ್ರಕಾರ ಪರಿಹಾರ ಸಾಕು ಎಂದು ಮಾಲೀಕರ ವಾದ. ಒಂದೇ ಕೈಯಿಂದ ಬಡಗಿಯ ಕೆಲಸ ನಡೆಯದು, ಆದ್ದರಿಂದ ಅವನ ಅಸಾಮರ್ಥ್ಯವು ಪೂರ್ಣವಾದುದು ಎಂದು ಪರಿಹಾರದ ಕಮಿಷನರು ತೀರ್ಮಾನಿಸಿದರು. 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ತೋಳಿಗೆ ಶೇಕಡ 70, ಬಡಗಿಗೆ ಶೇಕಡ 100!

2010ರಲ್ಲಿ ಮೋಟಾರು ಅಪಘಾತದ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯವು ತತ್ತ್ವವನ್ನು ಇನ್ನೂ ಬಿಡಿಸಿ ಹೇಳಿತು. ದೇಹಕ್ಕೆ ಆದ ಶಾಶ್ವತ ಊನ ಎಷ್ಟೆಂಬುದನ್ನು ವೈದ್ಯರು ಹೇಳಬಹುದು. ಅದರಿಂದ ಸಂಪಾದನೆಯ ಶಕ್ತಿ ಎಷ್ಟು ಕುಗ್ಗಿತೆಂಬುದು ಬೇರೆ ಪ್ರಶ್ನೆ, ಅದನ್ನು ನ್ಯಾಯಮಂಡಲಿ ನಿರ್ಣಯಿಸಬೇಕು. ಎಡಗೈ ಹೋದರೆ ಡ್ರೈವರನ ಅಥವಾ ಬಡಗಿಯ ಸಂಪಾದನೆ ಬಹುತೇಕ ಪೂರ್ತಿಯಾಗಿ ಹೋಗಬಹುದು. ಸರ್ಕಾರಿ ಗುಮಾಸ್ತನು ಅದೇ ಹುದ್ದೆಯಲ್ಲಿ ಮುಂದುವರಿಯಬಹುದು. ಈ ಮಾತು ನಮ್ಮ ಸೇತುವೆಯ ಉದಾಹರಣೆಯನ್ನು ನೆನಪಿಗೆ ತರುತ್ತದೆ.

ವೈದ್ಯರ ತೀರ್ಮಾನವೇ ಕೊನೆಯದಲ್ಲವೆಂಬುದನ್ನು ಕಾನೂನೂ ಒಪ್ಪಿಕೊಂಡು ಬಂದಿದೆ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯಲ್ಲಿ ಶಾಶ್ವತ ಊನದ ಪ್ರಶ್ನೆಯನ್ನು ಒಂದು ವೈದ್ಯಕೀಯ ಮಂಡಲಿ ನಿರ್ಣಯಿಸುತ್ತಿದ್ದಿತು. ಅದಕ್ಕೆ ಒಪ್ಪದವರು ವೈದ್ಯಕೀಯ ಅಪೀಲು ನ್ಯಾಯಮಂಡಲಿಗೆ, ಅಥವಾ ನೌಕರರ ವಿಮಾ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು. ಹೊಸ ಸಾಕ್ಷ್ಯ ದೊರೆತರೂ, ಊನವು ಅನಿರೀಕ್ಷಿತವಾಗಿ ಉಲ್ಬಣಿಸಿದರೂ ಮರುಪರಿಶೀಲನೆಗೆ ಅವಕಾಶವಿದ್ದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಈ ಎರಡು ಕಾಯಿದೆಗಳ ಸ್ಥಾನವನ್ನು ತೆಗೆದುಕೊಂಡಿದೆ. ಆದಕಾರಣ ಇಂದು ತಕರಾರು ಹೂಡುವವರು ಹಳೆಯ ಪುಸ್ತಕವನ್ನು ನಂಬಿ ಕೂರದೆ, ಈಗಿನ ನಿಯಮವನ್ನೂ ಗಡುವಿನ ದಿನವನ್ನೂ ಮೊದಲು ವಿಮಾ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ತಕರಾರು ಮಾಡುವ ಶಾಸ್ತ್ರೀಯ ರೀತಿ

ಇಷ್ಟನ್ನು ತಿಳಿದ ಮೇಲೆ, ಅಭಿಪ್ರಾಯವನ್ನು ಪ್ರಶ್ನಿಸುವ ಕ್ರಮವು ತಾನಾಗಿ ಹೊಳೆಯುತ್ತದೆ. ‘ಡಾಕ್ಟರಿಗೆ ಗೊತ್ತಿಲ್ಲ’ ಎಂದು ಕೂಗಾಡುವುದರಿಂದ ಪ್ರಯೋಜನವಿಲ್ಲ. ಅವರಿಗೆ ಯಾವುದು ಗೊತ್ತಾಗಿಲ್ಲವೋ ಅದನ್ನು ತಿಳಿಸುವುದೇ ಉಪಾಯ.

ಮೊದಲನೆಯದಾಗಿ, ಅಭಿಪ್ರಾಯದ ಆಧಾರವನ್ನು ಬರಹದಲ್ಲಿ ಕೇಳಬೇಕು. ಯಾವ ಪರೀಕ್ಷೆಗಳನ್ನು ಮಾಡಿದರು? ಯಾವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಅರ್ಹ’ ಎಂದರು?

ಎರಡನೆಯದಾಗಿ, ಕೆಲಸವನ್ನು ಅಳೆಯಬೇಕು. ಇದಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಟೇಪು, ಒಂದು ಗಡಿಯಾರ ಸಾಕು. ಎತ್ತುವ ವಸ್ತುವಿನ ತೂಕ, ಅದು ಮೈಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ಗಂಟೆಗೆ ಎಷ್ಟು ಸಲ, ದಿನಕ್ಕೆ ಎಷ್ಟು ಗಂಟೆ, ಎಷ್ಟು ಹೊತ್ತು ಬಾಗಿರಬೇಕು, ಎಷ್ಟು ಮೆಟ್ಟಲು ಹತ್ತಬೇಕು, ನಡುವೆ ಬಿಡುವು ಎಷ್ಟು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಜತೆಯ ಕೆಲಸಗಾರರ ಸಹಿ ಪಡೆಯಬೇಕು. ಈ ಕೆಲಸದಲ್ಲಿ ಓದುಬರಹ ಬಲ್ಲ ಮಗನೋ ಮಗಳೋ ತಂದೆಗೆ ನೆರವಾಗಬಹುದು.

ಮೂರನೆಯದಾಗಿ, ಈ ಹಾಳೆಯನ್ನು ಚಿಕಿತ್ಸೆ ಮಾಡಿದ ವೈದ್ಯರ ಮುಂದೆ, ಬೇಕಾದರೆ ಮತ್ತೊಬ್ಬ ತಜ್ಞರ ಮುಂದೆ ಇಡಬೇಕು. ‘ನಾನು ಅರ್ಹನೇ?’ ಎಂದು ಕೇಳದೆ, ‘ಹನ್ನೆರಡು ಕಿಲೋ ಪೆಟ್ಟಿಗೆಯನ್ನು ನೆಲದಿಂದ ನಿಮಿಷಕ್ಕೆ ನಾಲ್ಕು ಸಲದಂತೆ ಎಂಟು ಗಂಟೆ ಎತ್ತಬಹುದೇ, ಡಾಕ್ಟರೇ?’ ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಅಭಿಪ್ರಾಯ ಬರುತ್ತದೆ, ಎರಡನೆಯದಕ್ಕೆ ಉತ್ತರ ಬರುತ್ತದೆ. ಬಹಳ ಸಲ ಹೊಸ ವೈದ್ಯರೇ ಬೇಕಾಗುವುದಿಲ್ಲ. ಹಾಳೆಯನ್ನು ಕಂಡ ಹಳೆಯ ವೈದ್ಯರೇ ತಮ್ಮ ಚೀಟಿಯನ್ನು ತಿದ್ದಿಕೊಡಬಹುದು.

ನಾಲ್ಕನೆಯದಾಗಿ, ಪ್ರತಿದಿನ ಎಷ್ಟು ಹೊತ್ತು ಏನು ಮಾಡಲಾಯಿತು, ಅನಂತರ ನೋವು ಎಷ್ಟಿತ್ತು ಎಂಬ ದಿನಚರಿಯನ್ನು ಇಡಬೇಕು. ಇದರಲ್ಲಿ ಉತ್ಪ್ರೇಕ್ಷೆ ಸಲ್ಲದು. ಇದ್ದ ನೋವನ್ನು ಇಮ್ಮಡಿಸಿ ಹೇಳುವವನು ತನ್ನ ಅಳತೆಗೋಲನ್ನೇ ಮುರಿದುಕೊಳ್ಳುತ್ತಾನೆ. ನಿಜವಾದ ನೋವನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ಐದನೆಯದಾಗಿ, ತಕರಾರು ಇತ್ಯರ್ಥವಾಗುವ ತನಕ ಸುಮ್ಮನೆ ಗೈರುಹಾಜರಾಗಬಾರದು. ತಾನು ಈ ತೀರ್ಮಾನವನ್ನು ಪ್ರಶ್ನಿಸಿರುವುದನ್ನೂ, ಅಲ್ಲಿಯವರೆಗೆ ಇಂಥಿಂಥ ಕೆಲಸಗಳನ್ನು ಮಾಡಲು ಸಿದ್ಧನಿರುವುದನ್ನೂ ಪತ್ರಮುಖೇನ ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

ವಿಶ್ರಾಂತಿಗೂ ಮಿತಿಯುಂಟು

ವೈದ್ಯರು ಬೇಗ ಕೆಲಸಕ್ಕೆ ಕಳುಹಿಸಿದರೆಂದ ಮಾತ್ರಕ್ಕೆ ಅವರು ಮಾಲೀಕರ ಪಕ್ಷಪಾತಿಗಳೆಂದು ಭಾವಿಸಬಾರದು. 1986ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿನ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನವೂ ಉಳಿದವರಿಗೆ ಏಳು ದಿನವೂ ಹಾಸಿಗೆಯಲ್ಲಿರಲು ಹೇಳಿ ನೋಡಿದರು. ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಶೇಕಡ 45ರಷ್ಟು ಕಡಮೆಯಾಗಿದ್ದುವು. ಗುಣವಾಗುವುದರಲ್ಲಿ ಅವರೇನೂ ಹಿಂದೆ ಬೀಳಲಿಲ್ಲ. ಬಳಸದ ಸ್ನಾಯು ಸೊರಗುವುದು, ಬಿಗಿದ ಕೀಲು ಇನ್ನಷ್ಟು ಬಿಗಿಯುವುದು. ತಕ್ಕ ಪ್ರಮಾಣದ ಚಟುವಟಿಕೆಯೇ ಇಂಥ ಗಾಯಗಳಿಗೆ ಔಷಧ.

ಆದ್ದರಿಂದ ‘ಕೆಲಸವೇ, ವಿಶ್ರಾಂತಿಯೇ’ ಎಂಬ ಪ್ರಶ್ನೆಗೆ ಬದಲಾಗಿ ‘ಯಾವ ಕೆಲಸ, ಎಷ್ಟು ಹೊತ್ತು’ ಎಂದು ಕೇಳುವುದು ಲೇಸು. ಬ್ರಿಟನ್ನಿನಲ್ಲಿ 2010ರ ಏಪ್ರಿಲಿನಿಂದ ವೈದ್ಯರ ಚೀಟಿಯ ನಮೂನೆಯನ್ನೇ ಬದಲಾಯಿಸಿದರು. ‘ಅರ್ಹನಲ್ಲ’ ಎಂಬುದರ ಜತೆಗೆ ‘ಕೆಳಗಿನ ಸಲಹೆಗಳನ್ನು ಪಾಲಿಸಿದರೆ ಅರ್ಹನಾಗಬಹುದು’ ಎಂಬ ಆಯ್ಕೆಯನ್ನು ಸೇರಿಸಿ, ಹಂತಹಂತವಾಗಿ ಮರಳುವುದು, ಹೊತ್ತನ್ನು ಬದಲಿಸುವುದು, ಕೆಲಸವನ್ನು ಮಾರ್ಪಡಿಸುವುದು, ಸ್ಥಳವನ್ನು ಅನುಕೂಲಪಡಿಸುವುದು ಎಂದು ನಾಲ್ಕು ದಾರಿಗಳನ್ನು ಮುದ್ರಿಸಿದರು. ಮನುಷ್ಯನ ಸಾಮರ್ಥ್ಯವನ್ನು ಏರಿಸಲಾಗದಿದ್ದರೆ ಕೆಲಸದ ಬೇಡಿಕೆಯನ್ನು ಇಳಿಸಬಹುದು ಎಂಬುದು ಇದರ ತಿರುಳು. ಪೆಟ್ಟಿಗೆಯನ್ನು ನೆಲದ ಬದಲು 75 ಸೆಂಟಿಮೀಟರು ಎತ್ತರದ ಹಲಗೆಯ ಮೇಲಿಟ್ಟರೆ ಮೇಲಿನ ಲೆಕ್ಕದಲ್ಲಿ 0.82 ಎಂಬ ಭಿನ್ನಾಂಕವು 1 ಆಗುತ್ತದೆ. ಒಂದು ಹಲಗೆಯ ಖರ್ಚು ಒಂದು ಮೊಕದ್ದಮೆಯ ಖರ್ಚಿಗಿಂತ ಎಷ್ಟೋ ಕಡಮೆ.

ಇದಕ್ಕೆ ವಿರುದ್ಧವಾದ ತಕರಾರೂ ಉಂಟು. ದುಡಿಯಬಲ್ಲೆನೆಂಬವನನ್ನು ವೈದ್ಯಕೀಯ ಮಂಡಲಿಯು ‘ಅನರ್ಹ’ ಎಂದು ಮನೆಗೆ ಕಳುಹಿಸಿಬಿಡಬಹುದು. ಕರ್ತವ್ಯದಲ್ಲಿರುವಾಗ ಗಾಯಗೊಂಡು ಎಡಗಾಲನ್ನು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲನ್ನು ಹೀಗೆ ಸೇವೆಯಿಂದ ಬಿಡಿಸಿದಾಗ, 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನ ಪಕ್ಷವನ್ನು ಎತ್ತಿಹಿಡಿಯಿತು. ಸರ್ಕಾರಿ ಸಂಸ್ಥೆಗಳ ನೌಕರನಿಗೆ ಸೇವೆಯ ಕಾಲದಲ್ಲಿ ಊನ ಉಂಟಾದರೆ, ಅವನನ್ನು ತೆಗೆದುಹಾಕುವಂತಿಲ್ಲ, ದರ್ಜೆಯನ್ನು ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆಗೆ ಬದಲಾಯಿಸಬಹುದು ಎಂಬ ರಕ್ಷಣೆಯು ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯಲ್ಲಿಯೂ ಇದೆ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಮೇಲಿನದೇ. ಕಾಲಿಲ್ಲದವನು ಓಡಲಾರನು, ನಿಜ; ಠಾಣೆಯಲ್ಲಿ ಓಡದೆ ಮಾಡುವ ಕೆಲಸ ಎಷ್ಟಿಲ್ಲ?

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವರು, ಕೆಲವರು ಕಾರ್ಖಾನೆಯ ಮೇಲ್ವಿಚಾರಕರಾಗುವರು, ಕೆಲವರು ವಕೀಲರಾಗುವರು. ಒಂದಲ್ಲ ಒಂದು ದಿನ ಇಂಥ ಚೀಟಿಯು ಅವರ ಮೇಜಿನ ಮೇಲೆ ಬರುವುದು. ಆಗ ‘ಅರ್ಹ’ ಎಂಬ ಪದದ ಮುಂದೆ ಒಂದು ಗಳಿಗೆ ನಿಂತು, ‘ಯಾವ ಕೆಲಸಕ್ಕೆ?’ ಎಂದು ಅವರು ಕೇಳಿದರೆ, ಸನ್ನೆಕೋಲಿನ ಪಾಠವನ್ನು ಕಲಿತದ್ದು ಪರೀಕ್ಷೆಯ ಅಂಕಗಳಿಗೆ ಮಾತ್ರವಲ್ಲವೆಂದಾಗುವುದು.